ಆಷಾಢದ ಗಾಳಿಯೂ ಮುಸ್ಸಂಜೆಯ ಬೇಡಿಕೆಯೂ

ಕೊಪ್ಪಳ ಸೀಮೆಯಲ್ಲಿ ಶಕ್ತಿಯನ್ನು ಕೂಡಿಟ್ಟು ಸಕಾಲದಲ್ಲಿ ವಿನಿಯೋಗಿಸುವ ಕ್ರಮವು ಹೊಸತೇನೂ ಅಲ್ಲ. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಯನ್ನು ತಡೆದು 133 ಟಿಎಂಸಿ ನೀರಿಗೆ ನೆಲೆ ಕಲ್ಪಿಸಿದ ಮೇಲೆ, ಗಂಗಾವತಿಯ ಬತ್ತದ ಗದ್ದೆಗಳಿಗೆ ಹರಿಯತಕ್ಕ ನೀರು ಎಡದಂಡೆ ಕಾಲುವೆಗೆ ಇಳಿಯುವ ಮುನ್ನ ಟರ್ಬೈನುಗಳನ್ನೂ ತಿರುಗಿಸಿ ಹೋಗುವಂತಾಯಿತು. ಆದರೆ ಹೂಳು ತುಂಬಿ ಆ ಸಂಗ್ರಹವು ಕಾಲಕ್ರಮದಲ್ಲಿ ಸುಮಾರು 105 ಟಿಎಂಸಿಗೆ ಕುಗ್ಗಿತು. ವಿದ್ಯುದಾಗಾರವಾದರೋ ಬಹುಮಟ್ಟಿಗೆ ಬೇಸಾಯದ ಪಂಚಾಂಗಕ್ಕೇ ಅಧೀನವಾಗಿ, ನಾಟಿಗೆ ನೀರು ಬಿಟ್ಟಾಗ ದುಡಿದು ಕಾಲುವೆ ನಿಂತಾಗ ಮಂದವಾಗುತ್ತ ಬಂದಿತು.

ಕಾಲುವೆ ಏರಲಾರದ ಯಲಬುರ್ಗಾ, ಕುಷ್ಟಗಿಗಳ ಬಯಲಿಗೆ ಪ್ರಕೃತಿಯು ಗಾಳಿಯನ್ನು ಧಾರಾಳವಾಗಿ ಕೊಟ್ಟಿದೆ. ಮಳೆಯ ಮೋಡವನ್ನು ಹೊತ್ತೊಯ್ಯುವುದೆಂದು ರೈತರು ಶಪಿಸುವ ಆಷಾಢದ ಗಾಳಿಯೇ ಇಂದು ‘ಫ್ಯಾನು’ಗಳೆನಿಸಿದ ಗಾಳಿಯಂತ್ರಗಳ ಅನ್ನದಾತ. ಅದಕ್ಕೊಂದು ದೋಷವುಂಟು: ಅದು ಬೇಕೆಂದಾಗ ಬೀಸದು. ಬಿಸಿಲೂ ಹಾಗೆಯೇ, ಮನೆಮನೆಯ ದೀಪವೂ ಮಿಕ್ಸರೂ ಏಕಕಾಲಕ್ಕೆ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಮುಳುಗಿರುತ್ತದೆ.

ಈ ಮುಸ್ಸಂಜೆಯ ಹೊತ್ತಿಗೂ ಒಂದು ಬೆಲೆಯುಂಟೆಂಬುದನ್ನು 2020ರ ಜನವರಿಯ ಹರಾಜು ಸ್ಪಷ್ಟಪಡಿಸಿತು. ಭಾರತೀಯ ಸೌರಶಕ್ತಿ ನಿಗಮವು, ಬೆಳಗು ಸಂಜೆಗಳ ಬೇಡಿಕೆಯ ಕಾಲದಲ್ಲಿ ದಿನಕ್ಕೆ 6 ತಾಸು ತಪ್ಪದೆ ಒದಗಿಸಬೇಕೆಂಬ ಕರಾರಿನೊಡನೆ 1200 ಮೆಗಾವಾಟ್ ನವೀಕರಿಸಬಲ್ಲ ವಿದ್ಯುತ್ತನ್ನು ಬಯಸಿದಾಗ, 300 ಮೆಗಾವಾಟಿನ ಪಾಲು ರಿನ್ಯೂ ಸಂಸ್ಥೆಗೆ ದಕ್ಕಿತು: ಸಾಮಾನ್ಯ ವೇಳೆಯ ಯೂನಿಟ್ಟಿಗೆ ರೂ. 2.88, ಒತ್ತಡದ ವೇಳೆಯದಕ್ಕೆ ರೂ. 6.85. ಯಲಬುರ್ಗಾ ಸೀಮೆಯ ತೊಂಡಿಹಾಳ, ಗದಗ ಸೀಮೆಯ ಹೊಂಬಳಗಳಲ್ಲಿ 322 ಮೆಗಾವಾಟಿನ ಗಾಳಿಯಂತ್ರಗಳು, ಅವುಗಳೊಡನೆ 81 ಮೆಗಾವಾಟ್ ಸೌರಫಲಕಗಳು, 150 ಮೆಗಾವಾಟ್-ತಾಸಿನ ಬ್ಯಾಟರಿ, ಹೀಗೆ ಯೋಜನೆಯು ರೂಪುಗೊಂಡಿತು.

ಬ್ಯಾಟರಿಯೆಂದೊಡನೆ ಸರ್ವಕ್ಲೇಶವೂ ಪರಿಹಾರವಾಯಿತೆಂದು ಹಿಗ್ಗುವವರು ಒಂದು ಸರಳ ಗಣಿತವನ್ನು ಮಾಡತಕ್ಕದ್ದು. ಈ ಬ್ಯಾಟರಿ ಹಿಡಿಯುವುದು ಒಂದೂವರೆ ಲಕ್ಷ ಯೂನಿಟ್. 300 ಮೆಗಾವಾಟ್ ಪೂರೈಕೆಗೆ ತಾಸಿಗೆ ಬೇಕಾದುದು ಮೂರು ಲಕ್ಷ. ಎಂದರೆ ಒಮ್ಮೆ ತುಂಬಿದರೆ ಅರ್ಧ ತಾಸಿನ ಸರಕು! ಆದುದರಿಂದ ಆರು ತಾಸುಗಳ ಭಾರವನ್ನು ಬಹುಪಾಲು ಗಾಳಿಯೇ ಹೊರಬೇಕು. ಬ್ಯಾಟರಿಯು ಅದರ ಏರಿಳಿತಗಳ ನಡುವಣ ಕೊರತೆಯನ್ನಷ್ಟೇ ತುಂಬಬಲ್ಲುದು. ನಮ್ಮ ಹಿರಿಯರ ಹಗೇವು ಸುಗ್ಗಿಯ ಜೋಳವನ್ನು ಬರಗಾಲದವರೆಗೂ ಕಾಯುತ್ತಿತ್ತು. ಇದು ಮಧ್ಯಾಹ್ನದ್ದನ್ನು ಸಂಜೆಯವರೆಗೆ ಕಾದರೆ ಅದೇ ದೊಡ್ಡದು. ಆಷಾಢದ ಗಾಳಿಯನ್ನು ಚೈತ್ರದ ಬೇಗೆಗೆ ಎತ್ತಿಡುವ ಶಕ್ತಿ ಇದಕ್ಕಿಲ್ಲ.

ಹೀಗೆ ಹದಗೊಂಡ ವಿದ್ಯುತ್ತು ಅಂತರರಾಜ್ಯ ಜಾಲವನ್ನು ಸೇರಿ ಕೊಂಡವರತ್ತ ಹರಿಯುತ್ತದೆ. ಗಾಳಿಯಂತ್ರದ ಬುಡದಲ್ಲೇ ಕೊಳವೆಬಾವಿ ತೋಡಿಸಿದ ಕೊಪ್ಪಳದ ರೈತನ ಪಂಪ್‌ಸೆಟ್ಟಾದರೋ ಸ್ಥಳೀಯ ವಿದ್ಯುತ್ ಕಂಪನಿ ಜೆಸ್ಕಾಂನ ತ್ರೀ ಫೇಸ್ ಸರದಿಯನ್ನೇ ಕಾಯಬೇಕು.