ಗಂಟಿಗೆ ಚುಚ್ಚಿದರೆ ಸಕ್ಕರೆ ಬಗ್ಗದು

ಇನ್ಸುಲಿನ್ ಅದೇ, ಪ್ರಮಾಣವೂ ಅದೇ. ಆದರೂ ಒಂದು ದಿನ ಸಕ್ಕರೆ ಏರಿ ಕೂತಿರುತ್ತದೆ, ಇನ್ನೊಂದು ದಿನ ದಿಢೀರನೆ ಇಳಿದು ಮೈ ಬೆವರುತ್ತದೆ. ಇಂಥ ಏರಿಳಿತ ಕಂಡರೆ ಊಟವನ್ನೋ ಔಷಧವನ್ನೋ ದೂರುವ ಮೊದಲು, ಚುಚ್ಚಿಕೊಳ್ಳುವ ಜಾಗವನ್ನೊಮ್ಮೆ ಬೆರಳಿನಿಂದ ಒತ್ತಿ ಸವರಿ ನೋಡಿ.

ದಿನವೂ ಒಂದೇ ಕಡೆ ಚುಚ್ಚಿದರೆ ಚರ್ಮದಡಿಯ ಕೊಬ್ಬು ಗಂಟುಗಟ್ಟುತ್ತದೆ. ಅಲ್ಲಿ ನೋವು ಕಡಿಮೆ. ಹಾಗಾಗಿ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ, ಎಷ್ಟು ರಕ್ತಕ್ಕೆ ಸೇರೀತೆಂದು ಹೇಳಲಾಗದು. ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು, ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಳ್ಳಿ. ವಾರಕ್ಕೊಂದು ಭಾಗ, ಪ್ರತಿ ಸಲವೂ ಹಿಂದಿನ ಜಾಗದಿಂದ ಒಂದು ಬೆರಳಿನಷ್ಟು ಅಂತರ. ತೊಡೆಯ ಮುಂಭಾಗದ ಹೊರಮಗ್ಗುಲೂ ಆದೀತು. ಗಂಟಿನ ಜಾಗ ಬಿಟ್ಟು ಒಳ್ಳೆಯ ಚರ್ಮಕ್ಕೆ ಚುಚ್ಚತೊಡಗಿದಾಗ ಅದೇ ಪ್ರಮಾಣ ಹೆಚ್ಚಾಗಿ ಸಕ್ಕರೆ ಕುಸಿಯಬಹುದು. ಆದ್ದರಿಂದ ಜಾಗ ಬದಲಿಸುವ ಮುನ್ನ ವೈದ್ಯರನ್ನು ಕೇಳಿ.

ಇನ್ಸುಲಿನ್ ಪೆನ್ನು ಬಳಸುವವರು ಕೈ ತೊಳೆದು ಹೊಸ ಸೂಜಿ ಹಾಕಿ, ಮೊದಲು 2 ಯೂನಿಟ್ ಹೊರಗೆ ಬಿಟ್ಟು ಹನಿ ಬರುವುದನ್ನು ನೋಡಬೇಕು. ಬಿಳಿ ಮಿಶ್ರಣದ ಇನ್ಸುಲಿನ್ನನ್ನು ಕುಲುಕಬಾರದು. ಸೂಜಿ ಹಾಕುವ ಮೊದಲೇ ಅಂಗೈಗಳ ನಡುವೆ ಉರುಳಿಸಿ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. 4 ಮಿ.ಮೀ. ಸೂಜಿಯನ್ನು ನೇರವಾಗಿ ಚುಚ್ಚಿ, ಗುಂಡಿಯನ್ನು ಪೂರ್ತಿ ಒತ್ತಿ, ಹತ್ತು ಎಣಿಸಿ ಹೊರತೆಗೆಯಿರಿ. ಆ ಜಾಗವನ್ನು ಉಜ್ಜಬೇಡಿ.

ಸಿರಿಂಜಿನವರಿಗೆ ಇನ್ನೊಂದು ಎಚ್ಚರ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್. ಹೆಚ್ಚಿನ ಪೆನ್ನುಗಳಲ್ಲಿ 100. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡರ ಮೇಲಿನ ಅಂಕಿಯನ್ನೂ ಓದಿ, ಒಂದೇ ಇದ್ದರಷ್ಟೇ ಬಳಸಿ.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಲ್ಲ, ಹೆಪ್ಪುಗಟ್ಟಿದ್ದನ್ನು ಬಿಸಾಡಬೇಕು. ಬಳಕೆಯಲ್ಲಿರುವುದನ್ನು ಬಿಸಿಲು ತಾಗದೆಡೆ ಇಡಬಹುದು. ತೆರೆದ ಮೇಲೆ ಎಷ್ಟು ದಿನ ಬಳಸಬಹುದೆಂದು ಡಬ್ಬಿಯ ಮೇಲೆ ನೋಡಿ. ಬಳಸಿದ ಸೂಜಿಗಳನ್ನು ಬರಿದೇ ಕಸದ ಚೀಲಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತವೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳ ಬಿಗಿದು, ಆಸ್ಪತ್ರೆಯವರು ತೆಗೆದುಕೊಳ್ಳುತ್ತಾರಾ ಎಂದು ವಿಚಾರಿಸಿ. ಮನೆಯವರಾದರೂ ಒಬ್ಬರ ಪೆನ್ನು ಇನ್ನೊಬ್ಬರಿಗೆ ಬೇಡ, ಸೂಜಿ ಹೊಸದಾದರೂ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ರಕ್ತದ ರಿಪೋರ್ಟಿನ ಜೊತೆ ಪೆನ್ನನ್ನೂ ಒಯ್ಯಿರಿ. ಹೊಟ್ಟೆ ಮುಟ್ಟಿ ನೋಡುವಂತೆ ಕೇಳಿ, ಅವರೆದುರೇ ಒಮ್ಮೆ ಚುಚ್ಚಿಕೊಂಡು ತೋರಿಸಿ. ಪ್ರಮಾಣ ಹೆಚ್ಚಿಸಬೇಕೋ, ಜಾಗ ಬದಲಿಸಿದರೆ ಸಾಕೋ ಎಂಬುದು ಆಮೇಲಷ್ಟೇ ತೀರ್ಮಾನವಾಗಲಿ.