ಅರವತ್ತೊಂದನೇ ಮಗು

ಎರಡನೇ ಸೆಮ್ ಪರೀಕ್ಷೆ ಮುಗಿದ ಮೇಲೆ ನಾವು ಮೂರು ಜನ ತೆರಕಣಾಂಬಿ ಕಡೆ ಹೋಗಿದ್ದೆವು. ಮೂವರಲ್ಲಿ ಇಬ್ಬರಿಗೆ ಅದೇ ಹೋಬಳಿ ಸ್ವಂತ ಊರು, ಮೂರನೆಯವನು ಅಪ್ಪಟ ಬೆಂಗಳೂರಿನವನು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗೋ ಬಸ್ ಹತ್ತಿದರೆ ದಾರಿಯಲ್ಲಿ ತೆರಕಣಾಂಬಿ ಸಿಗುತ್ತೆ. ಅಲ್ಲಿಂದ ಒಳಗೆ ಸ್ವಲ್ಪ ದೂರ ನಮ್ಮ ಹಳ್ಳಿ. ಜಗಲಿ ಮೇಲೆ ಚಿಕ್ಕಪ್ಪ ಒಂದು ನೋಟ್‌ಬುಕ್ ಹಿಡ್ಕೊಂಡು ಕೂತಿದ್ದರು. ನಮ್ಮನ್ನು ನೋಡಿದ ತಕ್ಷಣ ಅಂದ ಮಾತು: "ಅರವತ್ತಕ್ಕೇ ನಿಂತೋಯ್ತು ಕನ್ರಪ್ಪ. ಇನ್ನೊಂದ್ ಮಗ ಬೇಕಿತ್ತು."

ಬೆಂಗಳೂರಿನವನು ಗಾಬರಿಯಾದ. ನಮ್ಮ ಕಡೆ ‘ಮಗ’ ಅಂದ್ರೆ ಗಂಡಾಗಲಿ ಹೆಣ್ಣಾಗಲಿ, ಮಗು ಅಂತ ಅರ್ಥ. ಚಿಕ್ಕಪ್ಪ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು. ಹೋದ ವರ್ಷ ಶಾಲೆಯಲ್ಲಿ 64 ಮಕ್ಕಳಿದ್ದರು. ಐದನೇ ಕ್ಲಾಸ್ ಮುಗಿಸಿ 13 ಮಕ್ಕಳು ಹೊರಗೆ ಹೋದರು, ಒಂದನೇ ಕ್ಲಾಸಿಗೆ ಹೊಸದಾಗಿ 9 ಮಕ್ಕಳು ಬಂದರು. ಉಳಿದದ್ದು 60. ಆ ಒಂದು ಮಗುವಿಗೆ ಯಾಕಿಷ್ಟು ತಲೆಬಿಸಿ ಅಂತ ಕೇಳಿದ್ದಕ್ಕೆ ಬಂದ ಉತ್ತರವೇ ಈ ಲೇಖನ. ಒಂದು ಸರ್ಕಾರಿ ಶಾಲೆ ಯಾರ ಕೈಯಲ್ಲಿದೆ, ದುಡ್ಡು ಎಲ್ಲಿಂದ ಬರುತ್ತೆ, ಶಾಲೆ ಹೇಗೆ ನಡೀತಿದೆ ಅಂತ ಎಷ್ಟನ್ನು ಅಳೆಯಬಹುದು, ಇಷ್ಟನ್ನೂ ಆವತ್ತಿನವರೆಗೆ ನಾವು ಯೋಚನೆ ಮಾಡಿರಲೇ ಇಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3, 91ರಿಂದ 120ರವರೆಗೆ 4. ನಮಗೆ ಗೊತ್ತಿರೋ ಭಾಷೆಯಲ್ಲಿ ಹೇಳೋದಾದ್ರೆ ಇದು ಸ್ಟೆಪ್ ಫಂಕ್ಷನ್. 61 ಅಂದ್ರೆ ಮೂರು ಜನ, 60 ಅಂದ್ರೆ ಎರಡು ಜನ, ನಡುವೆ ಇಳಿಜಾರು ಇಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾದಾಗ ಮೂರನೇ ಶಿಕ್ಷಕರು ಇಲಾಖೆಯ ಲೆಕ್ಕದಲ್ಲಿ ‘ಹೆಚ್ಚುವರಿ’ ಆಗ್ತಾರೆ, ಬೇರೆ ಶಾಲೆಗೆ ಮರುಹೊಂದಾಣಿಕೆ ಮಾಡಬಹುದು. ಕಾಗದದ ಮೇಲೆ ಇದರಲ್ಲಿ ತಪ್ಪೇನಿಲ್ಲ. ಇನ್ನೊಂದು ಕಡೆ ಮಕ್ಕಳು ಜಾಸ್ತಿ ಇದ್ದು ಟೀಚರ್ ಇಲ್ಲದಿದ್ದರೆ ಅಲ್ಲಿಗೆ ಕಳಿಸಲೇಬೇಕಲ್ಲ.

ಆದರೆ ಶಾಲೆಯ ಒಳಗೆ ಹೋಗಿ ನೋಡಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನಲಿ-ಕಲಿಯಲ್ಲಿ ಒಟ್ಟಿಗೆ ಕೂರ್ತಾರೆ. ನಲಿ-ಕಲಿ ಹುಟ್ಟಿದ್ದು ದೂರದಲ್ಲೇನೂ ಅಲ್ಲ, ಬಂಡೀಪುರ ಕಾಡಿನ ಆ ಬದಿಯ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಒಬ್ಬ ಶಿಕ್ಷಕರು ಹಲವು ವಯಸ್ಸಿನ ಮಕ್ಕಳಿಗೆ ಕಾರ್ಡು, ಹಾಡು, ಗುಂಪು ಇಟ್ಟುಕೊಂಡು ಕಲಿಸುವ ಪದ್ಧತಿ ಅದು. ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಸರಿ, ಅದಕ್ಕೆ ಒಬ್ಬರು. ನಾಲ್ಕು ಮತ್ತು ಐದನೇ ಕ್ಲಾಸಿಗೆ ತಲಾ ಒಬ್ಬರು ಇದ್ದರೆ ಮೂರು ಜನರ ಲೆಕ್ಕ ಸರಿಹೋಗುತ್ತೆ. ಎರಡೇ ಜನ ಆದರೆ ನಾಲ್ಕು-ಐದನ್ನು ಒಬ್ಬರೇ ನೋಡ್ಕೋಬೇಕು, ಮತ್ತು ಆ ಒಬ್ಬರೇ ಮುಖ್ಯ ಶಿಕ್ಷಕರೂ ಆಗಿರ್ತಾರೆ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ತಾಲ್ಲೂಕಿನಲ್ಲಿ ಮೀಟಿಂಗು, ಚುನಾವಣೆ ಕೆಲಸ, ಎಲ್ಲ ಅವರದೇ. 2025ರ ದಸರಾ ರಜೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಶಿಕ್ಷಕರೇ. ಅವರು ಮೀಟಿಂಗಿಗೆ ಹೋದ ದಿನ 60 ಮಕ್ಕಳಿಗೆ ಒಬ್ಬರೇ ಟೀಚರ್. ಅದನ್ನು ನೋಡಿದ ತಂದೆತಾಯಿ ಮುಂದಿನ ವರ್ಷ ಮಗುವನ್ನು ವ್ಯಾನ್ ಹತ್ತಿಸ್ತಾರೆ. ಸಂಖ್ಯೆ ಇನ್ನೂ ಇಳಿಯುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿರೋ ಸೀನಿಯರ್‌ಗಳಿಗೆ ಇದರ ಹೆಸರು ಹೇಳಬೇಕಾಗಿಲ್ಲ.

ಇನ್ನು ಆಡಳಿತ. ಶಾಲೆಯಿಂದ ಮೇಲಕ್ಕೆ ನೋಡಿದರೆ ಮೊದಲು ಕ್ಲಸ್ಟರ್, ಅಲ್ಲಿ ಸಿಆರ್‌ಪಿ. ಆಮೇಲೆ ಗುಂಡ್ಲುಪೇಟೆಯಲ್ಲಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಚಾಮರಾಜನಗರದಲ್ಲಿ ಡಿಡಿಪಿಐ. ಅವರ ಮೇಲೆ ಬೆಂಗಳೂರಿನಲ್ಲಿ ಆಯುಕ್ತರು, ಕಾರ್ಯದರ್ಶಿ, ಸಚಿವರು. ಚಾಮರಾಜನಗರ 1997ರಲ್ಲಿ ಬೇರೆ ಜಿಲ್ಲೆಯಾಗುವ ತನಕ ಊರಿನವರು ಜಿಲ್ಲಾ ಕಚೇರಿ ಅಂದರೆ ಮೈಸೂರಿಗೇ ಹೋಗಬೇಕಿತ್ತು. ಇದು ಇಲಾಖೆಯ ಏಣಿ. ಇದರ ಪಕ್ಕದಲ್ಲೇ ಪಂಚಾಯತಿಯ ಏಣಿ ಒಂದಿದೆ: ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರಾಥಮಿಕ ಶಿಕ್ಷಣದ ಮೇಲೆ ಜನಪ್ರತಿನಿಧಿಗಳ ಕಣ್ಣು ಇರಬೇಕು. ಆದರೆ ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಏಣಿ ಇದೆ, ನಡುವಿನ ಎರಡು ಮೆಟ್ಟಿಲು ಖಾಲಿ.

ಹಾಗಾಗಿ ಊರಿನವರ ಕೈಗೆ ಸಿಗೋದು ತಳದಲ್ಲಿರುವ ಎಸ್‌ಡಿಎಂಸಿ ಒಂದೇ. ಪೂರ್ತಿ ಹೆಸರು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಸರ್ಕಾರಿ ಆದೇಶದಿಂದ ಬಂದದ್ದು. ಹೌದು, ಪೋಖ್ರಾನ್‌ನ ಅದೇ ರಾಜಾ ರಾಮಣ್ಣ. ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಶಾಲಾ ಸಮಿತಿ ಕಡ್ಡಾಯ ಮಾಡುವುದಕ್ಕೆ ಮೊದಲೇ ನಮ್ಮಲ್ಲಿ ಅದು ಇತ್ತು. ಮಕ್ಕಳ ತಂದೆತಾಯಿ ಸಭೆ ಸೇರಿ ತಮ್ಮಲ್ಲೇ 18 ಜನರನ್ನು ಆರಿಸ್ತಾರೆ, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು, ಅಧ್ಯಕ್ಷರು ಪೋಷಕರೇ ಆಗಿರಬೇಕು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಕೇಳೋಕೆ ತುಂಬಾ ಚೆನ್ನಾಗಿದೆ. ಆದರೆ ಚಿಕ್ಕಪ್ಪನಿಗೆ ಒಬ್ಬ ಕಾಯಂ ಶಿಕ್ಷಕರನ್ನು ನೇಮಿಸೋ ಅಧಿಕಾರ ಇಲ್ಲ, ವರ್ಗಾವಣೆ ತಡೆಯೋ ಅಧಿಕಾರ ಇಲ್ಲ, ಒಂದು ರೂಪಾಯಿ ತೆರಿಗೆ ಹಾಕೋ ಅಧಿಕಾರವೂ ಇಲ್ಲ. ಶಾಲೆ ಅಭಿವೃದ್ಧಿ ಯೋಜನೆ ಬರೆಯಬಹುದು, ಬಂದ ಅನುದಾನ ಖರ್ಚಾಗೋದನ್ನು ನೋಡಬಹುದು, ಊಟ ಚೆನ್ನಾಗಿದೆಯಾ ಅಂತ ರುಚಿ ನೋಡಬಹುದು. ಉಳಿದದ್ದಕ್ಕೆ ಅರ್ಜಿ.

ಅರ್ಜಿಗಳ ಒಂದು ಫೈಲೇ ಅವರ ಹತ್ರ ಇತ್ತು. ಕಾಂಪೌಂಡ್ ಗೋಡೆಗೆ, ಸೋರುವ ಹೆಂಚಿಗೆ, ಶೌಚಾಲಯದ ನೀರಿಗೆ. "ಯಾರ್ ಕೇಳುದ್ರೂ ಅವರ್ ಕೇಳಿ ಅಂತಾರೆ" ಅಂದರು. ಕಾಂಪೌಂಡ್ ಆದರೆ ಉದ್ಯೋಗ ಖಾತ್ರಿಯಲ್ಲಿ ಗ್ರಾಮ ಪಂಚಾಯತಿ ಮಾಡಿಸಬಹುದು, ಕೊಠಡಿ ಆದರೆ ಇಲಾಖೆ, ಶಾಸಕರ ನಿಧಿಯಿಂದಲೂ ಆಗಬಹುದು. ಒಂದೇ ಕಟ್ಟಡದ ಗೋಡೆಗೊಬ್ಬರು, ಸೂರಿಗೊಬ್ಬರು.

ದುಡ್ಡಿನ ವಿಷಯಕ್ಕೆ ಬರೋಣ. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟಿದ್ದು 44,422 ಕೋಟಿ ರೂಪಾಯಿ, ಒಟ್ಟು ಬಜೆಟ್ 3.71 ಲಕ್ಷ ಕೋಟಿ. ಅಂದರೆ ನೂರಕ್ಕೆ ಸುಮಾರು 12. ದೊಡ್ಡ ಮೊತ್ತವೇ, ಆದರೆ ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತೆ. ಇದರ ಜೊತೆಗೆ ಸಮಗ್ರ ಶಿಕ್ಷಣ ಯೋಜನೆ ಇದೆ, 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ ಮತ್ತು ಮಾಧ್ಯಮಿಕ ಶಿಕ್ಷಾ ಅಭಿಯಾನಗಳನ್ನು ಸೇರಿಸಿ ಮಾಡಿದ್ದು. ಇದರಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಶಾಲೆಗೆ ನೇರವಾಗಿ ತಲುಪುವ ಅನುದಾನವೂ ಮಕ್ಕಳ ಸಂಖ್ಯೆ ಮೇಲೇ ನಿಂತಿದೆ: 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿ, 250ರವರೆಗೆ 50,000, 1,000ದವರೆಗೆ 75,000. ಚಾಕ್‌ಪೀಸು, ಬಲ್ಬು, ಆಟದ ಸಾಮಾನು, ರಿಪೇರಿ, ಸ್ವಚ್ಛತೆ ಎಲ್ಲವೂ ಇದರೊಳಗೆ. ನಮ್ಮ ಕಾಲೇಜು ಫೆಸ್ಟ್‌ನ ಸೌಂಡ್ ಸಿಸ್ಟಮ್ ಬಾಡಿಗೆ ನೆನಪಾಗಿ ನಾವು ಸುಮ್ಮನಾದ್ವಿ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತ ಅಂತ ಘೋಷಣೆ ಆಯ್ತು. 25,000ದಲ್ಲಿ ಬದುಕೋ ಶಾಲೆಗೆ ಕರೆಂಟ್ ಬಿಲ್ ಎಷ್ಟು ಭಾರ ಅನ್ನೋದು ನಮಗೆ ಆವತ್ತೇ ಅರ್ಥವಾಗಿದ್ದು.

ಅಮೆರಿಕದಲ್ಲಿ ಎಂ.ಎಸ್. ಮಾಡಿ ಅಲ್ಲೇ ಮನೆ ಮಾಡಿರೋ ನಮ್ಮ ಸಂಬಂಧಿಕರೊಬ್ಬರ ಹತ್ರ ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯ ಆಯ್ತು. ಅಲ್ಲಿ ನಗರದ ಹೊರವಲಯದ ಒಂದೊಂದು ಪ್ರದೇಶಕ್ಕೂ ‘ಸ್ಕೂಲ್ ಡಿಸ್ಟ್ರಿಕ್ಟ್’ ಅಂತ ಇರುತ್ತೆ. ಬಹುತೇಕ ಕಡೆ ಅದರ ಮಂಡಳಿಯನ್ನು ಊರಿನವರೇ ಮತ ಹಾಕಿ ಆರಿಸ್ತಾರೆ. ಮಂಡಳಿ ಮುಖ್ಯಾಧಿಕಾರಿಯನ್ನು ನೇಮಿಸುತ್ತೆ, ಬಜೆಟ್ ಮಾಡುತ್ತೆ. ಒಟ್ಟು ಹಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸ್ಥಳೀಯವಾಗಿ, ಮುಖ್ಯವಾಗಿ ಮನೆ-ಜಮೀನಿನ ತೆರಿಗೆಯಿಂದ ಬರುತ್ತೆ. ಚಿಕ್ಕಪ್ಪನಿಗೆ ಇದನ್ನು ಹೇಳಿದರೆ ಅವರು ಕೇಳಿದ ಮೊದಲ ಪ್ರಶ್ನೆ, "ಹಂಗಾರೆ ಬಡವ್ರ ಊರ್ಗೆ?" ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಶ್ರೀಮಂತ ಬಡಾವಣೆಗೆ ಶ್ರೀಮಂತ ಶಾಲೆ, ಬಡ ಬಡಾವಣೆಗೆ ಬಡ ಶಾಲೆ ಅನ್ನೋ ಜಗಳ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಇಂಥ ವ್ಯತ್ಯಾಸ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ 1973ರಲ್ಲಿ ತೀರ್ಪಾಯ್ತು. ನಮ್ಮಲ್ಲಿ ಆ ತೊಂದರೆ ಇಲ್ಲ. ತೆರಕಣಾಂಬಿಯ ಸರ್ಕಾರಿ ಶಿಕ್ಷಕರಿಗೂ ಬೆಂಗಳೂರಿನ ಸರ್ಕಾರಿ ಶಿಕ್ಷಕರಿಗೂ ಮೂಲ ವೇತನದ ಶ್ರೇಣಿ ಒಂದೇ. ಅಲ್ಲಿ ಊರಿಗೆ ಅಧಿಕಾರ ಇದೆ, ಸಮಾನತೆ ಕಮ್ಮಿ. ಇಲ್ಲಿ ಹಣದ ಸೂತ್ರ ಎಲ್ಲರಿಗೂ ಒಂದೇ, ಆದರೆ ಊರಿನವರು ಅರ್ಜಿ ಹಿಡ್ಕೊಂಡು ನಿಂತಿರಬೇಕು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾವು ನಮ್ಮದನ್ನೇ ಆರಿಸ್ತೀವಿ, ಆದರೆ ಆ ಫೈಲ್ ಇಷ್ಟು ದಪ್ಪ ಇರಬಾರದಿತ್ತು.

ಶಾಲೆಗಳು ಹೇಗೆ ನಡೀತಿವೆ ಅನ್ನೋ ಪ್ರಶ್ನೆಗೆ ಉತ್ತರ ಯಾವ ಮೀಟರ್‌ನಿಂದ ಅಳೀತೀವಿ ಅನ್ನೋದರ ಮೇಲಿದೆ. ಎಸ್‌ಎಸ್‌ಎಲ್‌ಸಿ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ. 73.40. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಮೀಟರ್ ಕ್ಯಾಲಿಬ್ರೇಟ್ ಆಯ್ತು ಅಷ್ಟೆ. ಹಾಗಾಗಿ ‘ನಮ್ಮ ಜಿಲ್ಲೆ ಎಷ್ಟನೇ ಸ್ಥಾನ’ ಅನ್ನೋ ಸುದ್ದಿಗೆ ನಾವು ಅಷ್ಟು ಬೆಲೆ ಕೊಡಲ್ಲ. ಅದಕ್ಕಿಂತ ಕೆಳಗಿನ ತರಗತಿಗಳ ಲೆಕ್ಕ ಹೆದರಿಸುತ್ತೆ. ಗ್ರಾಮೀಣ ಭಾರತದ ‘ಅಸರ್’ ಸಮೀಕ್ಷೆ ಪ್ರಕಾರ ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ. 16.3, 2024ರಲ್ಲಿ ಶೇ. 23.4. ಏರಿದೆ, ನಿಜ. ಆದರೂ ನಾಲ್ಕರಲ್ಲಿ ಮೂರು ಮಕ್ಕಳಿಗೆ ಓದೋಕೆ ಬರಲ್ಲ. ಜೊತೆಗೆ ನಮ್ಮ ಜಿಲ್ಲೆಯ ಹಳೇ ಲೆಕ್ಕ ಒಂದಿದೆ: 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75, ಚಾಮರಾಜನಗರದ್ದು ಶೇ. 61. ಮನೆಯಲ್ಲಿ ಓದಿಸೋರು ಇಲ್ಲದ ಮಗುವಿಗೆ ಶಾಲೆಯ ಮೂರನೇ ಟೀಚರ್ ಅಂದರೆ ಏನು ಅಂತ ಈಗ ಅರ್ಥ ಆಗಬಹುದು.

ಇಲ್ಲಿಗೆ ಬಂದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ಹೋಬಳಿಯ ನಾವಿಬ್ಬರೂ ಈ ಶಾಲೆಯಲ್ಲಿ ಓದಿದವರಲ್ಲ. ಐದು ವರ್ಷಕ್ಕೇ ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋದವರು. ಕ್ಲಾಸಲ್ಲಿ ಕನ್ನಡ ಮಾತಾಡಿದ್ದಕ್ಕೆ ಫೈನ್ ಕಟ್ಟಿ, ಈಗ ಕನ್ನಡ ಸಂಘದಲ್ಲಿ ಲೇಖನ ಬರೀತಿರೋರು. ನಮ್ಮ ಬ್ಯಾಚಲ್ಲಿ ಊರಿಂದ ಏಳು ಮಕ್ಕಳು ವ್ಯಾನ್ ಹತ್ತಿದ್ವಿ. ಆ ಏಳು ಯಾವ ಲೆಕ್ಕದಿಂದ ಕಳೆದದ್ದು ಅಂತ ಯಾರೂ ನಮಗೆ ಹೇಳಿರಲಿಲ್ಲ.

ಚಿಕ್ಕಪ್ಪ ಮಾರನೇ ದಿನ ನಮ್ಮನ್ನು ಮನೆ ಮನೆಗೆ ಕರ್ಕೊಂಡು ಹೋದರು. ಇಂಜಿನಿಯರಿಂಗ್ ಓದೋ ಹುಡುಗರು ಹೇಳಿದರೆ ಕೇಳ್ತಾರೆ ಅನ್ನೋ ನಂಬಿಕೆ. ಒಂದು ಮನೆಯಲ್ಲಿ ವರಸೆಯಲ್ಲಿ ಅಕ್ಕ ಆಗಬೇಕಾದವರು, ಅವರ ಮಗಳಿಗೆ ಆರು ವರ್ಷ. ನಾವು ನಲಿ-ಕಲಿ, ಮೊಟ್ಟೆ, ಹಾಲು, ಪುಸ್ತಕ, ಒಂದನೇ ಕ್ಲಾಸಿಂದಲೇ ಇಂಗ್ಲಿಷ್ ಕಲಿಸೋದು, ಎಲ್ಲ ಹೇಳಿದ್ವಿ. ಅಕ್ಕ ಚೆಂಡು ಹೂವಿನ ಚೀಲ ಕಟ್ತಾ ಕೇಳಿಸಿಕೊಂಡರು. ಆಮೇಲೆ ತಣ್ಣಗೆ, "ನೀವ್ ಎಲ್ ಓದುದ್ರಿ ಮಗ?" ಅಂದರು.

ನಮ್ಮ ಹತ್ರ ಉತ್ತರ ಇರಲಿಲ್ಲ. ಚಿಕ್ಕಪ್ಪನೇ ಟೀ ಬೇಡ ಅಂತ ಹೇಳಿ ಎಬ್ಬಿಸಿಕೊಂಡು ಬಂದರು. ಆ ಮಗು ಜೂನ್‌ನಲ್ಲಿ ವ್ಯಾನ್ ಹತ್ತಿತು.

ಕಾಲೇಜಿಗೆ ವಾಪಸ್ ಬಂದ ಮೇಲೆ ಚಿಕ್ಕಪ್ಪನ ಫೋನ್ ಬಂತು. ಕೇರಳದಲ್ಲಿ ಶುಂಠಿ ಕೆಲಸಕ್ಕೆ ಹೋಗಿದ್ದ ಒಂದು ಸಂಸಾರ ಊರಿಗೆ ಬಂದಿದೆ, ಅವರ ಹುಡುಗ ಮೂರನೇ ಕ್ಲಾಸಿಗೆ ಸೇರಿದಾನೆ, ಹಾಜರಿ ಪುಸ್ತಕದಲ್ಲಿ 61 ಆಗಿದೆ. ಮೂರನೇ ಮೇಷ್ಟ್ರು ಸದ್ಯಕ್ಕೆ ಉಳಿದಿದ್ದಾರೆ. ಆ ಸಂಸಾರ ಮತ್ತೆ ಯಾವಾಗ ಕೇರಳಕ್ಕೆ ಹೋಗುತ್ತೆ ಅಂತ ಕೇಳಿದ್ವಿ. "ಅದ್ನೇ ನಾನೂ ದಿನಾ ಕೇಳ್ತಿವ್ನಿ" ಅಂದರು.