ವೈರ ಮರೆತ ಮೃಗಗಳು

ಮೈಸೂರು ವಿಶ್ವವಿದ್ಯಾನಿಲಯದ ಪದವಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರ ಪೈಕಿ ಎಷ್ಟು ಮಂದಿ ಅದರ ಲಾಂಛನವನ್ನು ನಿಟ್ಟಿಸಿ ನೋಡಿರುವರೋ ಕಾಣೆ. ನಡುವೆ ಎರಡು ತಲೆಯ ಗಂಡಭೇರುಂಡ. ಅದರ ಇಕ್ಕೆಲಗಳಲ್ಲಿ ಸಿಂಹದ ಮೈಗೆ ಆನೆಯ ಮುಖವನ್ನು ತಾಳಿದ ಶರಭಗಳು. ಎಲ್ಲಕ್ಕೂ ಮೇಲೆ ಸಿಂಹ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಅರಮನೆಯ ಲಾಂಛನವೇ ಬಳುವಳಿಯಾಗಿ ಬಂದಿತು. ಆನೆಗಳನ್ನೇ ಎತ್ತಿಕೊಂಡು ಹಾರುವ ಹಕ್ಕಿಗೂ ಓದುವ ಹುಡುಗರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ತಪ್ಪಲ್ಲ.

ಆದರೆ ಈ ಹಕ್ಕಿಯು ಒಡೆಯರ ಮನೆತನವೊಂದರದೇ ಸ್ವತ್ತಲ್ಲ. ಬಳ್ಳಿಗಾವೆಯಲ್ಲಿ ಚಾಲುಕ್ಯ ಸಾಮಂತನಾದ ಚಾಮುಂಡರಾಯನು 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ಅದು ಮನುಷ್ಯದೇಹವನ್ನು ಧರಿಸಿ ನಿಂತಿದೆ. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿಯೂ, ಕೆಳದಿಯ ರಾಮೇಶ್ವರ ದೇಗುಲದ ಚಾವಣಿಯಲ್ಲಿಯೂ ಕಾಣಿಸಿಕೊಂಡಿದೆ. ಅದರ ಉಗ್ರತೆಯನ್ನು ಅರಿಯಬೇಕಾದರೆ ಮಾತ್ರ ಬೇಲೂರಿಗೇ ಹೋಗಬೇಕು. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿಯು ಸಂಹಾರದ ಸರಪಣಿಯೊಂದನ್ನೇ ಕಡೆದಿರುವನು: ಹಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭವೂ ಶರಭವನ್ನು ಗಂಡಭೇರುಂಡವೂ ಆಕ್ರಮಿಸಿವೆ, ಪಕ್ಕದಲ್ಲಿ ಋಷಿಯೊಬ್ಬನು ಇದನ್ನೆಲ್ಲ ಬೆರಗಾಗಿ ನೋಡುತ್ತಿರುವನು.

ಅಲ್ಲಿ ಒಂದನ್ನೊಂದು ಕೊಲ್ಲುತ್ತಿದ್ದ ಮೃಗಗಳೇ ಲಾಂಛನದಲ್ಲಿ ಹಳೆಯ ವೈರವನ್ನು ತೊರೆದು ಒಟ್ಟಿಗೆ ನಿಂತಿವೆ: ಭೇರುಂಡಕ್ಕೆ ಬೇಟೆಯಾಗಿದ್ದ ಶರಭವು ಈಗ ಅದರ ಪಾರ್ಶ್ವರಕ್ಷಕ, ಶರಭಕ್ಕೆ ತುತ್ತಾಗಿದ್ದ ಸಿಂಹಕ್ಕೆ ಎಲ್ಲರಿಗಿಂತ ಮೇಲಿನ ಪೀಠ! ಲಾಂಛನವನ್ನು ರಚಿಸಿದವರ ಮನಸ್ಸಿನಲ್ಲಿ ಇದೇ ಇದ್ದಿತೆಂದು ನಾನು ಸಾಧಿಸಲಾರೆ. ಇಕ್ಕೆಲದಲ್ಲಿ ಎರಡು ಪ್ರಾಣಿಗಳನ್ನು ನಿಲ್ಲಿಸುವ ಯೂರೋಪಿನ ಪದ್ಧತಿಯು ಆಗಿನ ದೇಶೀಯ ಸಂಸ್ಥಾನಗಳಲ್ಲೆಲ್ಲ ರೂಢಿಗೆ ಬಂದಿದ್ದಿತು. ಆದರೂ ನಾನಾ ಊರು ನಾನಾ ಮತಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುವ ಸ್ಥಳಕ್ಕೆ ಬೇಲೂರಿನ ಜಗಳಕ್ಕಿಂತ ಈ ರಾಜಿಯೇ ಒಪ್ಪುವುದು.

ಲಾಂಛನದೊಡನೆ ಎರಡು ಸಂಸ್ಕೃತ ವಾಕ್ಯಗಳಿವೆ. ಸತ್ಯವನ್ನೇ ಎತ್ತಿಹಿಡಿಯುವೆನೆಂಬುದು ಅರಸುಮನೆತನದ ಧ್ಯೇಯ. ಜ್ಞಾನಕ್ಕೆ ಸಮಾನವಾದುದಿಲ್ಲವೆಂಬುದು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಿಂದ ಆಯ್ದುದು. ಅರಸರ ಬಿರುದು ವಿದ್ಯೆಯ ಗುರುತಾದುದು ಈ ಎರಡನೆಯ ವಾಕ್ಯದ ಬಲದಿಂದಲೇ ಎಂದು ನನ್ನ ಎಣಿಕೆ. ಸ್ವಾತಂತ್ರ್ಯಾನಂತರ ರಾಜ್ಯಸರ್ಕಾರವೂ ಈ ಭೇರುಂಡವನ್ನೂ ಶರಭಗಳನ್ನೂ ತನ್ನ ಮುದ್ರೆಯಲ್ಲಿ ಉಳಿಸಿಕೊಂಡಿತು. ಆದರೆ ಅದರ ಶಿರೋಭಾಗದಲ್ಲಿ ಇರುವುದು ಅಶೋಕಸ್ತಂಭದ ಸಿಂಹಗಳು.